ಕೋಲು ಯಾರ ಕೈಗೆ?

ಹದಿನೈದು ವರ್ಷಗಳ ಹಿಂದೆ ನಾನೊಂದು ಕತೆ ಬರೆದೆ. ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಹೆಂಗಸೊಬ್ಬಳಿಂದ ಅವಳ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಕತೆ. ಪತ್ರ ಕನ್ನಡದಲ್ಲಿತ್ತು. ಅವಳಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ. ತಂದೆಯ ಆಸ್ತಿಯಲ್ಲಿ ಮಗಳಿಗೂ ಪಾಲುಂಟು ಎಂಬುದನ್ನು ಚೆನ್ನಾಗಿ ಬಲ್ಲ ಅಣ್ಣಂದಿರೇ ಬೆರಳಿಟ್ಟು ಜಾಗ ತೋರಿಸಿದರು, ಅವಳು ಸಹಿ ಹಾಕಿದಳು. ಅದು ಪೂರ್ತಿ ಕಲ್ಪನೆಯೇನಲ್ಲ. ನಮ್ಮ ಓಣಿಯಲ್ಲೇ, ನಾನು ಖಾಲಾ ಎಂದು ಕರೆಯುವವರೊಬ್ಬರ ಬಾಳಿನಲ್ಲಿ ನಡೆದದ್ದು. ಕತೆ ಕನ್ನಡದ ಒಂದು ಪತ್ರಿಕೆಯಲ್ಲಿ ಬಂತು. ನಾಲ್ಕಾರು ಮೆಚ್ಚುಗೆಯ ಪತ್ರಗಳೂ ಬಂದವು. ನಾನು ಹಿಗ್ಗಿದೆ.

ಕೆಲವು ತಿಂಗಳ ನಂತರ ನಮ್ಮೂರಿನ ಒಂದು ಬಹಿರಂಗ ಸಭೆಯಲ್ಲಿ ಭಾಷಣಕಾರರೊಬ್ಬರು ಆ ಪತ್ರಿಕೆಯನ್ನು ಎತ್ತಿ ಹಿಡಿದು, ‘ನಾವು ಹೇಳಿದರೆ ತಪ್ಪು ಅನ್ನುತ್ತೀರಿ, ಇಗೋ ಅವರವನೇ ಬರೆದಿದ್ದಾನೆ’ ಎಂದರು. ಅವರಿಗೆ ಖಾಲಾ ಬೇಕಿರಲಿಲ್ಲ, ಅವಳ ಮನೆಯ ಪಾಲೂ ಬೇಕಿರಲಿಲ್ಲ. ಹೊಡೆಯಲು ಒಂದು ಕೋಲು ಬೇಕಿತ್ತು, ಸಿಕ್ಕಿತು. ಅಂದು ರಾತ್ರಿ ನಮ್ಮ ಮನೆಗೆ ಓಣಿಯ ಹಿರಿಯರೊಬ್ಬರು ಬಂದರು. ರಕ್ತಸಂಬಂಧವಿಲ್ಲದಿದ್ದರೂ ನಾವೆಲ್ಲ ಅವರನ್ನು ಮಾಮು ಎನ್ನುತ್ತಿದ್ದೆವು. ಬೈಯಲಿಲ್ಲ. ಚಾಪೆಯ ಮೇಲೆ ಕೂತು ನೀರು ಕುಡಿದು, ‘ಕಿಸ್ಕೆ ಹಾತ್ ಮೆಂ ಲಕ್ಡಿ ದಿಯಾ ರೇ ತೂ?’ ಎಂದರು. ಯಾರ ಕೈಗೆ ಕೋಲು ಕೊಟ್ಟೆಯೋ ನೀನು? ದನಿಯಲ್ಲಿ ಕೋಪವಿದ್ದಿದ್ದರೆ ನಾನೂ ಏನಾದರೂ ಎದುರಾಡುತ್ತಿದ್ದೆ. ಅದಿರಲಿಲ್ಲವಾದ್ದರಿಂದ ಸುಮ್ಮನಿದ್ದೆ. ಆಮೇಲೆ ಎರಡು ವರ್ಷ ಓಣಿಯ ಬಗ್ಗೆ ಒಂದು ಸಾಲೂ ಬರೆಯಲಾಗಲಿಲ್ಲ.

ಆ ಎರಡು ವರ್ಷಗಳಲ್ಲಿ ನಾನು ಮತ್ತೆ ಕೈಗೆತ್ತಿಕೊಂಡದ್ದು ಸಾರ್ತ್ರನ ನಾಟಕಗಳನ್ನು. ಬಿ.ಎ. ಓದುವಾಗ ‘ಕೊಳಕು ಕೈಗಳು’ ನಾಟಕವನ್ನು ಇಂಗ್ಲಿಷಿನಲ್ಲಿ ಪತ್ತೇದಾರಿ ಕಾದಂಬರಿ ಓದಿದಂತೆ ಓದಿ ಮುಗಿಸಿದ್ದೆ. ಕೊಲೆ ಆಗುತ್ತದೋ ಇಲ್ಲವೋ ಎಂಬ ಕುತೂಹಲವೊಂದೇ ಆಗ ಇದ್ದದ್ದು. ಆ ನಾಟಕಕ್ಕೇ, ಅದರ ಕರ್ತೃವಿಗೇ ಏನಾಯಿತು ಎಂದು ತಿಳಿದದ್ದು ಆಮೇಲೆ. ತಿಳಿದಾಗ ಮಾಮುವಿನ ಪ್ರಶ್ನೆ ನನಗೊಬ್ಬನಿಗೇ ಎದುರಾದದ್ದಲ್ಲ ಅನ್ನಿಸಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ರಂಗಭೂಮಿಯಲ್ಲಿ ಸುಮಾರು ಇಪ್ಪತ್ತು ವರ್ಷ ಈ ಪ್ರಶ್ನೆಯೇ ವೇಷ ಬದಲಿಸಿ ಬದಲಿಸಿ ಓಡಾಡಿದೆ.

ಆ ಕಾಲದ ಪ್ಯಾರಿಸ್ ಹೇಗಿತ್ತು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1940ರಿಂದ 1944ರವರೆಗೆ ನಗರ ಜರ್ಮನರ ಕೈಯಲ್ಲಿತ್ತು. ಸಾರಾ ಬರ್ನಾರ್ ಎಂಬ ಮಹಾನಟಿಯ ಹೆಸರಿನ ರಂಗಮಂದಿರಕ್ಕೆ, ಆಕೆ ಯಹೂದಿ ಮೂಲದವಳೆಂಬ ಕಾರಣಕ್ಕೆ, ಹೆಸರನ್ನೇ ಬದಲಿಸಲಾಗಿತ್ತು. ಹೆಸರು ಬದಲಾದ ಆ ರಂಗಮಂದಿರದಲ್ಲೇ 1943ರಲ್ಲಿ ಸಾರ್ತ್ರನ ‘ನೊಣಗಳು’ ಪ್ರದರ್ಶನಗೊಂಡಿತು. ಮೇಲ್ನೋಟಕ್ಕೆ ಗ್ರೀಕ್ ಪುರಾಣದ ಒರೆಸ್ಟಿಸ್‌ನ ಕತೆ. ಒಳಗೆ, ಪರಕೀಯರು ಹೇರಿದ ಪಶ್ಚಾತ್ತಾಪವನ್ನು ಹೊತ್ತು ತಲೆತಗ್ಗಿಸಿ ಬದುಕುವ ಊರಿನ ಕತೆ. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರಿನಲ್ಲಿ, ಸಾರ್ತ್ರ ತನ್ನ ಗೆಳೆಯರೊಡನೆ ಪತ್ರಿಕೆಯೊಂದನ್ನು ಆರಂಭಿಸಿ, ಬರಹಗಾರ ತನ್ನ ಕಾಲಕ್ಕೆ ಉತ್ತರ ಕೊಡಲೇಬೇಕಾದವನು, ಮೌನವಾಗಿದ್ದರೆ ಆ ಮೌನಕ್ಕೂ ಅವನೇ ಹೊಣೆ ಎಂದು ವಾದಿಸಿದ. ಬದ್ಧ ಸಾಹಿತ್ಯ ಎಂದು ಕನ್ನಡದಲ್ಲಿ ನಾವು ಕರೆದದ್ದು ಇದನ್ನೇ. ಉರ್ದು ಬಲ್ಲವರಿಗೆ ಈ ಜಗಳ ಹೊಸದಲ್ಲ. ಬದುಕಿಗಾಗಿ ಸಾಹಿತ್ಯವೋ ಸಾಹಿತ್ಯಕ್ಕಾಗಿ ಸಾಹಿತ್ಯವೋ ಎಂದು ನಮ್ಮ ತರಕ್ಕಿ ಪಸಂದ್ ಲೇಖಕರು 1936ರಿಂದಲೇ ಮುಷಾಯಿರಾಗಳ ಹಿಂದಿನ ಚಹಾದಂಗಡಿಗಳಲ್ಲಿ ಜಗಳಾಡಿದ್ದರು.

1946ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಆಂತ್ವಾನ್ ರಂಗಮಂದಿರದಲ್ಲಿ ಸಾರ್ತ್ರನ ‘ಗೋರಿಯಿಲ್ಲದ ಹೆಣಗಳು’ ಬಂತು. ಜರ್ಮನರ ವಿರುದ್ಧ ಹೋರಾಡುವ ಒಂದು ಸಣ್ಣ ಗುಂಪು ಸೆರೆ ಸಿಕ್ಕಿದೆ. ಒಬ್ಬೊಬ್ಬರನ್ನಾಗಿ ಕರೆದೊಯ್ದು ಚಿತ್ರಹಿಂಸೆ ಕೊಡುತ್ತಾರೆ. ಬಾಯಿ ಬಿಟ್ಟೇನು ಎಂಬ ಭಯದಿಂದ ಒಬ್ಬ ಕಿಟಕಿಯಿಂದ ಹಾರಿ ಸಾಯುತ್ತಾನೆ. ಹದಿನೈದು ವರ್ಷದ ಹುಡುಗನೊಬ್ಬ ಬಾಯಿ ಬಿಡುವುದು ಖಚಿತ ಅನ್ನಿಸಿದಾಗ ಸಂಗಾತಿಗಳೇ ಅವನ ಕತ್ತು ಹಿಸುಕುತ್ತಾರೆ, ಅವನ ಅಕ್ಕ ಅಲ್ಲೇ ಕೂತು ತಡೆಯದೆ ನೋಡುತ್ತಾಳೆ. ರಂಗದ ಮೇಲಿನ ಹಿಂಸೆಯನ್ನು ತಾಳಲಾಗದೆ ಪ್ರೇಕ್ಷಕರಲ್ಲಿ ಕೆಲವರು ಕೂಗಾಡಿದರು, ಕೆಲವರು ಎದ್ದು ಹೋದರು. ಹಿಂಸೆ ಹೆಚ್ಚಾಯಿತು ಎಂಬುದು ಅವರ ದೂರು. ನನಗನ್ನಿಸುವುದು ಬೇರೆ. ಆ ನಾಟಕದಲ್ಲಿ ಉಗುರು ಕೀಳುವವರು ಜರ್ಮನರಲ್ಲ. ಜರ್ಮನರ ಪರವಾಗಿ ಕೆಲಸ ಮಾಡುತ್ತಿದ್ದ ಮಿಲಿಸ್ ಎಂಬ ಫ್ರೆಂಚ್ ಪಡೆಯವರು. ಯುದ್ಧ ಗೆದ್ದವರ ಸಾಲಿನಲ್ಲಿ ಈಗಷ್ಟೇ ಕೂತ ಜನಕ್ಕೆ, ಎಲ್ಲ ಕ್ರೌರ್ಯವೂ ಗಡಿಯಾಚೆಯಿಂದ ಬಂದದ್ದು ಎಂದು ನಂಬುವುದು ಹಿತವಾಗಿತ್ತು. ನಮ್ಮ ಮನೆಯವನೇ, ನಮ್ಮ ಭಾಷೆಯಲ್ಲೇ ಪ್ರಶ್ನೆ ಕೇಳಿ ಕೇಳಿ ಹಿಂಸಿಸುತ್ತಾನೆ ಎಂದು ನೋಡುವುದಕ್ಕೆ ಬೇರೆಯ ಧೈರ್ಯ ಬೇಕು.

ಇನ್ನು ‘ಕೊಳಕು ಕೈಗಳು’. 1948ರ ಏಪ್ರಿಲ್ 2ರಂದು ಅದೇ ಆಂತ್ವಾನ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಯುದ್ಧಕಾಲದ ಇಲಿರಿಯಾ ಎಂಬ ಕಾಲ್ಪನಿಕ ದೇಶ. ಹ್ಯೂಗೋ ಎಂಬ ಶ್ರೀಮಂತರ ಮನೆಯ ಹುಡುಗ ಕಮ್ಯುನಿಸ್ಟ್ ಪಕ್ಷ ಸೇರಿದ್ದಾನೆ. ಪಕ್ಷದ ನಾಯಕ ಹೋಡರರ್ ಹಳೆಯ ವೈರಿಗಳೊಂದಿಗೆ ಒಪ್ಪಂದಕ್ಕೆ ಹೊರಟಿದ್ದಾನೆ. ಇದು ದ್ರೋಹ ಎಂದು ಭಾವಿಸಿದ ಪಕ್ಷದೊಳಗಿನ ಬಣವೊಂದು ಹ್ಯೂಗೋನನ್ನು ಕಾರ್ಯದರ್ಶಿಯ ವೇಷದಲ್ಲಿ ಅವನ ಮನೆಗೆ ಕಳುಹಿಸುತ್ತದೆ, ಕೊಲ್ಲುವುದಕ್ಕೆ. ಹುಡುಗನಿಗೆ ತತ್ವ ಗೊತ್ತು, ಮನುಷ್ಯರು ಗೊತ್ತಿಲ್ಲ. ಹೋಡರರ್‌ಗೆ ಮನುಷ್ಯರು ಗೊತ್ತು. ರಾಜಕಾರಣಕ್ಕೆ ಇಳಿದವನ ಕೈ ಮೊಣಕೈವರೆಗೆ ಕೊಳೆಯಾಗದೆ ಇರದು ಎಂಬುದೂ ಗೊತ್ತು. ದಿನ ಕಳೆದಂತೆ ಹ್ಯೂಗೋ ಅವನನ್ನು ಮೆಚ್ಚತೊಡಗುತ್ತಾನೆ. ಕೊನೆಗೆ ತನ್ನ ಹೆಂಡತಿ ಅವನ ತೋಳಿನಲ್ಲಿದ್ದುದನ್ನು ಕಂಡ ಕ್ಷಣದಲ್ಲಿ ಗುಂಡು ಹಾರಿಸುತ್ತಾನೆ. ಕೊಂದದ್ದು ತತ್ವಕ್ಕೋ ಮತ್ಸರಕ್ಕೋ, ಅವನಿಗೇ ತಿಳಿಯದು. ಸೆರೆಯಿಂದ ಹೊರಬರುವಷ್ಟರಲ್ಲಿ ಪಕ್ಷ ಹೋಡರರ್‌ನ ಧೋರಣೆಯನ್ನೇ ತನ್ನದಾಗಿಸಿಕೊಂಡಿದೆ, ಸತ್ತವನು ವೀರನಾಗಿದ್ದಾನೆ. ಕೊಲೆಯ ಕಾರಣವನ್ನು ಮರೆತು ಹೊಸ ಹೆಸರಿನಲ್ಲಿ ಕೆಲಸಕ್ಕೆ ಬಾ ಎಂದು ಪಕ್ಷ ಕರೆಯುತ್ತದೆ. ಹ್ಯೂಗೋ ಒಪ್ಪದೆ, ಕೊಲ್ಲಲು ಬಂದವರಿಗೆ ತಾನೇ ಬಾಗಿಲು ಒದ್ದು ತೆರೆಯುತ್ತಾನೆ.

ನಾಟಕ ಗೆದ್ದಿತು. ಪ್ಯಾರಿಸ್ಸಿನಲ್ಲೇ ನೂರಾರು ಪ್ರದರ್ಶನಗಳಾದವು. ಚಪ್ಪಾಳೆ ತಟ್ಟಿದವರು ಯಾರು? ಶೀತಲ ಸಮರ ಆಗಷ್ಟೇ ಬಿರುಸಾಗುತ್ತಿತ್ತು. ಎಡಪಂಥವನ್ನು ಕಂಡರಾಗದ ಪತ್ರಿಕೆಗಳು ‘ನೋಡಿ, ಇವರು ಒಳಗೊಳಗೇ ಹೇಗೆ ಕೊಲ್ಲುತ್ತಾರೆ, ಹೇಗೆ ಸುಳ್ಳು ಬರೆಯುತ್ತಾರೆ’ ಎಂದು ಕುಣಿದವು. ಕಮ್ಯುನಿಸ್ಟರ ಪತ್ರಿಕೆಗಳು ಸಾರ್ತ್ರನನ್ನು ವೈರಿಗೆ ಮಾರಿಕೊಂಡವನೆಂದವು. ಅದೇ ವರ್ಷ ನ್ಯೂಯಾರ್ಕಿನಲ್ಲಿ ‘ಕೆಂಪು ಕೈಗವಸು’ ಎಂಬ ಹೆಸರಿನಲ್ಲಿ ರೂಪಾಂತರಗೊಂಡಾಗ ತನ್ನ ನಾಟಕವನ್ನು ತಿರುಚಿದ್ದಾರೆಂದು ಸಾರ್ತ್ರನೇ ಪ್ರತಿಭಟಿಸಬೇಕಾಯಿತು. 1951ರಲ್ಲಿ ಸಿನಿಮಾ ಬಂದಾಗ ಕೆಲವು ಚಿತ್ರಮಂದಿರಗಳಿಗೆ ಪೊಲೀಸ್ ಕಾವಲು ಹಾಕಿದರು. ಹೋಡರರ್‌ನೇ ಸರಿ ಎಂಬ ಸಾರ್ತ್ರನ ವಿವರಣೆಯನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

1952ರ ಹೊತ್ತಿಗೆ ಸಾರ್ತ್ರ ಒಂದು ತೀರ್ಮಾನಕ್ಕೆ ಬಂದ. ಇನ್ನು ಮೇಲೆ ಯಾವುದೇ ದೇಶದಲ್ಲಿ ಈ ನಾಟಕ ಆಡಬೇಕಾದರೆ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಒಪ್ಪಿಗೆ ಬೇಕು. ಆ ವರ್ಷದ ಕೊನೆಗೆ ವಿಯೆನ್ನಾದಲ್ಲಿ ಶಾಂತಿ ಸಮ್ಮೇಳನವಿತ್ತು, ಅವನು ಅಲ್ಲಿಗೆ ಹೊರಟಿದ್ದ. ಅದೇ ಊರಿನಲ್ಲಿ ನಾಟಕ ಆಡುವುದನ್ನು ತಡೆದ. 1954ರಲ್ಲಿ ಅಲ್ಲಿ ಮತ್ತೆ ಆಡಿದಾಗ ತಾನೇ ಹೋಗಿ ವಿರೋಧಿಸಿದ. ಹತ್ತು ವರ್ಷ ಕಳೆದು, 1964ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಆಡಲು ಅನುಮತಿ ಕೊಟ್ಟ. ಅಲ್ಲಿನ ಪಕ್ಷಕ್ಕೆ ಅದನ್ನು ತಾಳಿಕೊಳ್ಳುವ ಶಕ್ತಿ ಇದೆ ಅನ್ನಿಸಿತ್ತು.

ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ಮನುಷ್ಯ ಸ್ವಾತಂತ್ರ್ಯವನ್ನು ಬಿಟ್ಟು ಬೇರೆ ಮಾತೇ ಆಡದ ತತ್ವಜ್ಞಾನಿ ತನ್ನ ನಾಟಕಕ್ಕೆ ಪಕ್ಷದ ಕಚೇರಿಯಿಂದ ಪರವಾನಗಿ ತರಿಸುತ್ತಾನಲ್ಲ! ಆದರೆ ಆ ಸಭೆಯ ಮಾತು ನೆನಪಾದಾಗ ನಗು ನಿಂತುಹೋಯಿತು. ತಾನು ಬರೆದ ಸಾಲನ್ನು ಇನ್ಯಾರೋ ಎತ್ತಿ ಹಿಡಿದು, ಆ ಸಾಲು ಯಾರ ನೋವಿನಿಂದ ಬಂತೋ ಅವರ ಮೇಲೆಯೇ ಬೀಸುವುದನ್ನು ಕಂಡವನಿಗೆ ಸಾರ್ತ್ರನ ಹೆದರಿಕೆ ಅರ್ಥವಾಗುತ್ತದೆ. ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗುವುದಿಲ್ಲ. ನಾನು ಕತೆಯನ್ನು ಅಚ್ಚಿಗೆ ಕೊಡುವ ಮುಂಚೆ ಓಣಿಯ ಹಿರಿಯರ ಒಪ್ಪಿಗೆ ಕೇಳಿದ್ದರೆ? ಅಲ್ಲಿ ಕೂತವರಲ್ಲಿ ತಂಗಿಯಿಂದಲೋ ಅತ್ತಿಗೆಯಿಂದಲೋ ಸಹಿ ಹಾಕಿಸಿಕೊಳ್ಳದವರು ಎಷ್ಟು ಮಂದಿ? ವೈರಿಯ ಕೈಯಿಂದ ಕೋಲು ಕಿತ್ತು ಮನೆಯ ಯಜಮಾನನ ಕೈಗೆ ಕೊಟ್ಟ ಹಾಗಾಗುತ್ತದೆ, ಅಷ್ಟೇ.

ಆಲ್ಬೇರ್ ಕಾಮೂವಿನ ‘ನ್ಯಾಯವಂತರು’ ಓದಿದ್ದು ಇದೇ ದಿನಗಳಲ್ಲಿ. 1949ರ ಡಿಸೆಂಬರಿನಲ್ಲಿ ಎಬೆರ್ತೋ ರಂಗಮಂದಿರದಲ್ಲಿ ಬಂದ ನಾಟಕ. 1905ರ ರಷ್ಯಾದ ನಿಜ ಘಟನೆ ಅದರ ಮೂಲ. ಕಲಿಯಾಯೆವ್ ಎಂಬ ಕ್ರಾಂತಿಕಾರಿ ಗ್ರ್ಯಾಂಡ್ ಡ್ಯೂಕನ ಬಂಡಿಗೆ ಬಾಂಬು ಎಸೆಯಲು ಬೀದಿಯಲ್ಲಿ ಕಾದು ನಿಂತಿದ್ದಾನೆ. ಬಂಡಿ ಹತ್ತಿರ ಬಂದಾಗ ಒಳಗೆ ಇಬ್ಬರು ಮಕ್ಕಳು ಕೂತಿರುವುದು ಕಾಣುತ್ತದೆ. ಕೈ ಮೇಲೇಳುವುದಿಲ್ಲ. ವಾಪಸು ಬಂದವನನ್ನು ಸ್ತೆಪಾನ್ ಎಂಬ ಸಂಗಾತಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಆ ಎರಡು ಮಕ್ಕಳನ್ನು ಉಳಿಸಿದ್ದಕ್ಕೆ ಇನ್ನೆಷ್ಟು ಸಾವಿರ ಮಕ್ಕಳು ಹಸಿವಿನಿಂದ ಸಾಯಬೇಕು ಎಂಬುದು ಅವನ ಲೆಕ್ಕ. ಈ ವಾದ ಇಡೀ ಎರಡನೇ ಅಂಕವನ್ನು ತುಂಬುತ್ತದೆ. ಎರಡು ದಿನ ಬಿಟ್ಟು ಮಕ್ಕಳಿಲ್ಲದ ಬಂಡಿಗೆ ಕಲಿಯಾಯೆವ್ ಬಾಂಬು ಎಸೆಯುತ್ತಾನೆ. ಕ್ಷಮೆ ಬೇಡದೆ ನೇಣಿಗೆ ಹೋಗುತ್ತಾನೆ. ತೆಗೆದ ಪ್ರಾಣಕ್ಕೆ ತನ್ನ ಪ್ರಾಣವನ್ನೇ ಕೊಟ್ಟು ಲೆಕ್ಕ ಚುಕ್ತಾ ಮಾಡುವುದು ಅವನ ನ್ಯಾಯ.

ಕಾಮೂ ಇಲ್ಲಿ ತನ್ನದೇ ಬಳಗದ ತಪ್ಪನ್ನು, ಅಂದರೆ ಕ್ರಾಂತಿ ಬಯಸುವವರ ತಪ್ಪನ್ನು, ಅವರನ್ನು ಕೀಳು ಮಾಡದೆ ಹೇಳಿದ್ದಾನೆ. ಸ್ತೆಪಾನ್ ಕೂಡ ರಾಕ್ಷಸನಲ್ಲ, ಜೈಲಿನಲ್ಲಿ ಚಾಟಿಯೇಟು ತಿಂದವನು. ಈ ಹದ ನನಗೆ ಇಂದಿಗೂ ಸಿಕ್ಕಿಲ್ಲ. ನನ್ನ ಕತೆಯಲ್ಲಿ ಅಣ್ಣಂದಿರು ಬರೀ ಅಣ್ಣಂದಿರಾಗಿದ್ದರು, ಅವರಿಗೆ ಮುಖವೇ ಇರಲಿಲ್ಲ. ಭಾಷಣಕಾರರಿಗೆ ಕೆಲಸ ಸುಲಭವಾದದ್ದು ಅದರಿಂದಲೂ ಇರಬಹುದು.

ಇಷ್ಟೆಲ್ಲ ವಾದ ನಡೆಯುತ್ತಿದ್ದದ್ದು ಯಾರ ಮುಂದೆ? ಆಂತ್ವಾನ್ ಆಗಲಿ ಎಬೆರ್ತೋ ಆಗಲಿ ಖಾಸಗಿ ರಂಗಮಂದಿರಗಳು. ಕೆಂಪು ಮಖಮಲ್ಲಿನ ಕುರ್ಚಿಗೆ ದುಡ್ಡು ಕೊಡಬಲ್ಲ ಪ್ಯಾರಿಸ್ಸಿನ ಉಳ್ಳವರು ಅಲ್ಲಿ ಕೂತು ಕಾರ್ಮಿಕರ ಕ್ರಾಂತಿಯ ಬಗ್ಗೆ ಚಿಂತಿಸುತ್ತಿದ್ದರು. ಇದನ್ನು ಬದಲಿಸಲು ಹೊರಟವನು ಜ್ಯಾಂ ವಿಲಾರ್. 1947ರಲ್ಲಿ ಅವಿನ್ಯೋನ್ ಊರಿನ ಹಳೆಯ ಅರಮನೆಯ ಅಂಗಳದಲ್ಲಿ ನಾಟಕೋತ್ಸವ ಶುರು ಮಾಡಿದ. 1951ರಲ್ಲಿ ಸರಕಾರ ಅವನಿಗೆ ರಾಷ್ಟ್ರೀಯ ಜನತಾ ರಂಗಭೂಮಿಯ ಹೊಣೆ ಕೊಟ್ಟಾಗ ಪ್ಯಾರಿಸ್ಸಿನ ಹೊರವಲಯದ ಸುರೆನ್ ಎಂಬಲ್ಲಿಂದ ಕೆಲಸ ಆರಂಭಿಸಿದ. ಬ್ರೆಖ್ಟನ ‘ಮದರ್ ಕರೇಜ್’ ಆಡಿಸಿದ. ಟಿಕೆಟ್ ಅಗ್ಗ, ಕುರ್ಚಿ ತೋರಿಸುವವರಿಗೆ ಭಕ್ಷೀಸು ಕೊಡುವಂತಿಲ್ಲ, ದುಡಿಯುವವರು ಕೊನೆಯ ರೈಲು ಹಿಡಿಯಲು ಅನುಕೂಲವಾಗುವಂತೆ ಆಟ ಬೇಗ ಶುರು. 1955ರಲ್ಲಿ ಸಾರ್ತ್ರ ಅವನನ್ನೂ ಬಿಡಲಿಲ್ಲ. ಅಲ್ಲಿಗೂ ಕಾರ್ಮಿಕರು ಬರುತ್ತಿಲ್ಲ, ಇದೆಂಥ ಜನತಾ ರಂಗಭೂಮಿ ಎಂದ. ಮಾತು ಸುಳ್ಳಲ್ಲದಿರಬಹುದು. ಆದರೆ ತನ್ನ ನಾಟಕಗಳನ್ನು ಖಾಸಗಿ ರಂಗಮಂದಿರಗಳಿಗೇ ಕೊಡುತ್ತಿದ್ದವನ ಬಾಯಿಂದ ಇದು ಬರಬಾರದಿತ್ತು.

ಕಾರ್ಮಿಕರ ಬಳಿಗೇ ಹೋದ ನಾಟಕವೂ ಒಂದಿತ್ತು. ಆಂರಿ ಮಾರ್ತಾಂ ಎಂಬ ನಾವಿಕ, ಇಂಡೋಚೀನಾದಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಯುದ್ಧದ ವಿರುದ್ಧ ಟೂಲಾಂ ಬಂದರಿನಲ್ಲಿ ಕರಪತ್ರ ಹಂಚಿದ್ದಕ್ಕೆ 1950ರಲ್ಲಿ ಐದು ವರ್ಷ ಜೈಲು ಶಿಕ್ಷೆಗೊಳಗಾದ. ಅವನ ವಿಚಾರಣೆಯನ್ನೇ ನಾಟಕ ಮಾಡಿ ಒಂದು ತಂಡ ಊರೂರು ತಿರುಗಿತು. ಅಧಿಕಾರಿಗಳು ಅಲ್ಲಲ್ಲಿ ನಿಷೇಧಿಸಿದರು. ಒಂದು ಕಡೆ ಬಾಗಿಲು ಹಾಕಿದರೆ ಇನ್ನೊಂದು ಕಡೆ ಆಡಿದರು. ಸಾಹಿತ್ಯವಾಗಿ ಅದು ಉಳಿದಿಲ್ಲ. ಮಾರ್ತಾಂ ಮಾತ್ರ 1953ರಲ್ಲಿ, ಅವಧಿ ಮುಗಿಯುವ ಮುಂಚೆಯೇ, ಹೊರಬಂದ.

ನಾನು ಯುದ್ಧ ಮುಗಿದ ಮೇಲೆ ಎಂದು ಬರೆಯುತ್ತ ಬಂದೆ. ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ 8ರಂದು. ಅದೇ ದಿನ, ಆಗ ಫ್ರಾನ್ಸಿನ ಕೈಯಲ್ಲಿದ್ದ ಅಲ್ಜೀರಿಯಾದ ಸೆತಿಫ್ ಎಂಬ ಊರಿನಲ್ಲಿ ವಿಜಯೋತ್ಸವಕ್ಕೆ ಸೇರಿದ ಜನ ತಮ್ಮ ಸ್ವಾತಂತ್ರ್ಯದ ಬಾವುಟವನ್ನೂ ಎತ್ತಿದರು. ಪೊಲೀಸರು ಗುಂಡು ಹಾರಿಸಿದರು. ಗಲಭೆಯಲ್ಲಿ ಸುಮಾರು ನೂರು ಮಂದಿ ಯುರೋಪಿಯನ್ನರು ಸತ್ತರು. ನಂತರದ ವಾರಗಳಲ್ಲಿ ಫ್ರೆಂಚ್ ಸೇನೆ ಸೆತಿಫ್, ಗೆಲ್ಮಾ ಸುತ್ತಮುತ್ತ ತೀರಿಸಿಕೊಂಡ ಸೇಡಿಗೆ ಬಲಿಯಾದವರು 45,000 ಎಂದು ಅಲ್ಜೀರಿಯಾ ಹೇಳುತ್ತದೆ. ಇತಿಹಾಸಕಾರರ ಅಂದಾಜು ಇದಕ್ಕಿಂತ ಕಡಿಮೆ, ಆದರೂ ಸಾವಿರಗಳಲ್ಲೇ. ಆ ಮೆರವಣಿಗೆಯಲ್ಲಿದ್ದ ಹದಿನೈದು ವರ್ಷದ ಶಾಲಾ ಹುಡುಗನೊಬ್ಬನನ್ನು ಹಿಡಿದು ಸೆರೆಗೆ ಹಾಕಿದರು. ಮಗ ಸತ್ತೇ ಹೋದನೆಂದು ತಿಳಿದ ತಾಯಿಗೆ ಬುದ್ಧಿ ಸ್ಥಿಮಿತ ತಪ್ಪಿತು. ಹುಡುಗನ ಹೆಸರು ಕಾತೆಬ್ ಯಾಸೀನ್. ಸಾರ್ತ್ರನ ನಾಟಕದಲ್ಲಿ ಸಾಯುವ ಹುಡುಗನಿಗೂ ಹದಿನೈದೇ ವರ್ಷ. ರಂಗದ ಮೇಲಿನ ಹುಡುಗನಿಗಾಗಿ ಪ್ಯಾರಿಸ್ ತಲ್ಲಣಿಸಿತು. ಸೆತಿಫ್‌ನ ಹುಡುಗನ ಸುದ್ದಿ ಅಲ್ಲಿಗೆ ತಲುಪಲು ಬಹಳ ಕಾಲ ಹಿಡಿಯಿತು.

1954ರ ನವೆಂಬರಿನಲ್ಲಿ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಮರುತಿಂಗಳೇ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಕಾತೆಬ್‌ನ ‘ಸುತ್ತುವರಿದ ಹೆಣ’ ನಾಟಕದ ಮೊದಲ ಭಾಗ ಅಚ್ಚಾಯಿತು. ಬೀದಿ ತುಂಬ ಹೆಣಗಳು, ಅವುಗಳ ನಡುವೆ ಗಾಯಗೊಂಡು ಬಿದ್ದ ಲಖ್ದರ್ ಮಾತಾಡುತ್ತಾನೆ, ಸಾಯುತ್ತಾನೋ ಬದುಕಿದ್ದಾನೋ ಹೇಳುವಂತಿಲ್ಲ. ಸೆತಿಫ್‌ನ ನೆನಪು ಅದು. ಅಲ್ಜೀರಿಯಾದ ಹೆಸರೆತ್ತಿದರೆ ಪತ್ರಿಕೆಗಳನ್ನೇ ಜಪ್ತಿ ಮಾಡುತ್ತಿದ್ದ ದಿನಗಳಲ್ಲಿ ಇಂಥ ನಾಟಕವನ್ನು ಪ್ಯಾರಿಸ್ಸಿನಲ್ಲಿ ರಾಜಾರೋಷವಾಗಿ ಆಡುವಂತಿರಲಿಲ್ಲ. ನಿರ್ದೇಶಕ ಜ್ಯಾಂ-ಮಾರಿ ಸೆರೋ 1958ರಲ್ಲಿ ಬ್ರಸೆಲ್ಸ್‌ಗೆ ಹೋಗಿ ಆಡಿಸಿದ.

ಸಾರ್ತ್ರ ಸುಮ್ಮನಿದ್ದನೆ? ಇಲ್ಲ. 1958ರಲ್ಲಿ ಆಂರಿ ಅಲ್ಲೆಗ್ ಎಂಬ ಪತ್ರಕರ್ತ ಫ್ರೆಂಚ್ ಪ್ಯಾರಾ ಸೈನಿಕರು ತನಗೆ ಕೊಟ್ಟ ಚಿತ್ರಹಿಂಸೆಯನ್ನು ಬರೆದು ಪುಸ್ತಕ ಮಾಡಿದಾಗ ಅದರ ಪರ ಸಾರ್ತ್ರ ಲೇಖನ ಬರೆದ. ಪುಸ್ತಕವೂ ಜಪ್ತಿಯಾಯಿತು, ಲೇಖನ ಬಂದ ಪತ್ರಿಕೆಯೂ ಜಪ್ತಿಯಾಯಿತು. 1961 ಮತ್ತು 1962ರಲ್ಲಿ ಅವನ ಮನೆಗೆ ಬಾಂಬು ಇಟ್ಟರು. ಮನುಷ್ಯ ಧೈರ್ಯಸ್ಥ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಂಗದ ಮೇಲೆ ಅವನು ತಂದದ್ದು ಅಲ್ಜೀರಿಯಾವನ್ನಲ್ಲ, ಜರ್ಮನಿಯನ್ನು. 1959ರ ಸೆಪ್ಟೆಂಬರಿನಲ್ಲಿ ಬಂದ ‘ಆಲ್ಟೋನಾದ ಬಂದಿಗಳು’ ನಾಟಕದಲ್ಲಿ ಹ್ಯಾಂಬರ್ಗಿನ ಹಡಗು ಕಟ್ಟುವ ಶ್ರೀಮಂತನ ಮಗ ಫ್ರಾಂಟ್ಸ್, ಯುದ್ಧದಲ್ಲಿ ಸೆರೆಯಾಳುಗಳಿಗೆ ಚಿತ್ರಹಿಂಸೆ ಕೊಟ್ಟು ಬಂದು, ಹದಿಮೂರು ವರ್ಷದಿಂದ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾನೆ. ಮೂವತ್ತನೇ ಶತಮಾನದಲ್ಲಿ ನ್ಯಾಯ ಹೇಳಲು ಕೂತ ಏಡಿಗಳಿಗೆ ಟೇಪ್‌ರೆಕಾರ್ಡರಿನಲ್ಲಿ ಸಾಕ್ಷಿ ನುಡಿಯುತ್ತಿದ್ದಾನೆ. ಫ್ರಾಂಟ್ಸ್ ಎಂಬ ಹೆಸರಿನೊಳಗೇ ಫ್ರಾನ್ಸ್ ಅಡಗಿದೆ. ಆ ಪಾತ್ರ ಮಾಡಿದವನು ಸೆರ್ಜ್ ರೆಜಿಯಾನಿ. ಹತ್ತು ವರ್ಷ ಹಿಂದೆ, ಮಕ್ಕಳನ್ನು ಕಂಡು ಬಾಂಬು ಎಸೆಯದೆ ಮರಳಿದ ಕಲಿಯಾಯೆವ್ ಆಗಿದ್ದವನೂ ಇವನೇ.

ಇಂದಿನ ಮಾತನ್ನು ಇನ್ನೊಂದು ಕಾಲದ ಬಟ್ಟೆ ತೊಡಿಸಿ ಆಡುವುದು ಕನ್ನಡದವರಿಗೆ ಹೊಸದಲ್ಲ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ಕಾಮೂವಿನ ‘ಕಲಿಗುಲ’ದೊಡನೆ ವಿಮರ್ಶಕರು ಹೋಲಿಸಿದ್ದಾರೆ. ನೆಹರೂ ಯುಗದ ಭ್ರಮನಿರಸನವನ್ನು ಅದರಲ್ಲಿ ಕಂಡಿದ್ದಾರೆ. ನಾನು ಕಾಲೇಜಿನಲ್ಲಿದ್ದಾಗ ಅದನ್ನು ನೋಡಲು ಹೋದೆ. ಹಿಂದಿನ ಸಾಲಿನಿಂದ ಒಬ್ಬ ತನ್ನ ಗೆಳೆಯನಿಗೆ, ‘ಅವರೆಲ್ಲ ಹಾಗೇ ಕಣೋ’ ಎಂದದ್ದು ಕೇಳಿಸಿತು. ನೆಹರೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಪರದೆಯ ಹಿಂದೆ ಇಟ್ಟ ಮಾತು ತಲುಪಬೇಕಾದವರಿಗೆ ತಲುಪುತ್ತದೆ ಎಂದು ಹೇಳಲಾಗದು. ಆಲ್ಟೋನಾ ನೋಡಿದ ಫ್ರೆಂಚರಲ್ಲೂ ಜರ್ಮನರು ಕ್ರೂರಿಗಳೆಂದು ತಲೆಯಾಡಿಸಿ ಮನೆಗೆ ಹೋದವರು ಇದ್ದೇ ಇದ್ದಿರಬೇಕು.

ಕಾಮೂ ಅಲ್ಜೀರಿಯಾದಲ್ಲೇ ಹುಟ್ಟಿದವನು. ಕಿವಿ ಸರಿಯಾಗಿ ಕೇಳಿಸದ, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದ ಅವನ ತಾಯಿ ಅಲ್ಜೀರ್ಸ್ ನಗರದಲ್ಲೇ ಇದ್ದಳು. 1956ರ ಜನವರಿಯಲ್ಲಿ ಅಲ್ಲಿಗೆ ಹೋಗಿ, ಎರಡೂ ಕಡೆಯವರು ನಿರಪರಾಧಿಗಳನ್ನಾದರೂ ಕೊಲ್ಲದಿರಿ ಎಂದು ಕೇಳಿಕೊಂಡ. ಯಾರೂ ಕೇಳಲಿಲ್ಲ. ಆಮೇಲೆ ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡ. 1957ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಲ್ಜೀರಿಯಾದ ಯುವಕನೊಬ್ಬ ಪ್ರಶ್ನಿಸಿದಾಗ, ಟ್ರ್ಯಾಮುಗಳಲ್ಲಿ ಬಾಂಬು ಸಿಡಿಯುತ್ತಿವೆ, ಅದರಲ್ಲಿ ತನ್ನ ತಾಯಿ ಇರಬಹುದು, ಅದೇ ನ್ಯಾಯವೆನ್ನುವುದಾದರೆ ತನಗೆ ತಾಯಿಯೇ ಹೆಚ್ಚು ಎಂಬ ಅರ್ಥದ ಮಾತು ಹೇಳಿದ. ಪ್ಯಾರಿಸ್ ಅವನನ್ನು ಗೇಲಿ ಮಾಡಿತು. ನನಗೆ ಗೇಲಿ ಮಾಡಲಾಗುವುದಿಲ್ಲ. ಬಂಡಿಯಲ್ಲಿದ್ದ ಮಕ್ಕಳನ್ನು ಕಂಡವನು ಟ್ರ್ಯಾಮಿನಲ್ಲಿದ್ದ ತಾಯಿಯನ್ನೂ ಕಂಡ. ಸೆತಿಫ್‌ನ ತಾಯಿಯೊಬ್ಬಳು ಅವನ ನಾಟಕಗಳಲ್ಲಿ ಎಲ್ಲೂ ಇಲ್ಲ ಎಂಬುದೇ ನನ್ನ ತಕರಾರು.

ಅಂಥ ತಾಯಿ ಕೊನೆಗೂ ಪ್ಯಾರಿಸ್ಸಿನ ರಂಗಕ್ಕೆ ಬಂದದ್ದು 1966ರ ಏಪ್ರಿಲಿನಲ್ಲಿ, ಜ್ಯಾಂ ಜೆನೆಯ ‘ಪರದೆಗಳು’ ನಾಟಕದಲ್ಲಿ. ಅಲ್ಜೀರಿಯಾ ಸ್ವತಂತ್ರವಾಗಿ ನಾಲ್ಕು ವರ್ಷವಾಗುತ್ತ ಬಂದಿತ್ತು. ಸರಕಾರದ ಹಣದಿಂದ ನಡೆಯುವ ಓದಿಯೋನ್ ರಂಗಮಂದಿರದಲ್ಲಿ ರೋಜೆ ಬ್ಲಾಂ ನಿರ್ದೇಶಿಸಿದ. ಸಯೀದ್ ಎಂಬ ಕಡುಬಡವನ ತಾಯಿಯ ಪಾತ್ರ ಮಾರಿಯಾ ಕಸಾರೆಸ್‌ಳದು. ತಾಯಿಯೊಂದಿಗೆ ಸ್ಪೇನಿನಿಂದ ನಿರಾಶ್ರಿತಳಾಗಿ ಬಂದ ಈ ನಟಿ ‘ನ್ಯಾಯವಂತರು’ ನಾಟಕದ ದೋರಾಳೂ ಆಗಿದ್ದಳು. ಸತ್ತ ಅಧಿಕಾರಿಗೆ ಫ್ರೆಂಚ್ ಸೈನಿಕರು ಹೂಸು ಬಿಟ್ಟು ಅಂತಿಮ ಗೌರವ ಸಲ್ಲಿಸುವ ದೃಶ್ಯ ಬಂದಾಗ ಮಾಜಿ ಪ್ಯಾರಾ ಸೈನಿಕರೂ ಬಲಪಂಥದ ಹುಡುಗರೂ ರಂಗಕ್ಕೆ ನುಗ್ಗಿದರು, ಹೊಗೆಬಾಂಬು ಎಸೆದರು. ಪೊಲೀಸ್ ಕಾವಲಿನಲ್ಲಿ ಆಟ ಮುಂದುವರಿಯಿತು. ಅನುದಾನ ನಿಲ್ಲಿಸಿ ಎಂದು ಸಂಸತ್ತಿನಲ್ಲಿ ಕೂಗೆದ್ದಾಗ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ನಾಟಕದ ಪರ ನಿಂತ. ಗದ್ದಲದಲ್ಲಿ ಹೆಚ್ಚಿನವರು ಗಮನಿಸದೆ ಹೋದದ್ದು ಒಂದಿದೆ. ಜೆನೆ ಅಲ್ಜೀರಿಯಾದವರನ್ನೂ ಮುದ್ದಿಸಿಲ್ಲ. ಸಯೀದ್ ತನ್ನವರಿಗೇ ದ್ರೋಹ ಬಗೆಯುತ್ತಾನೆ, ತನ್ನವರ ಗುಂಡಿಗೇ ಸಾಯುತ್ತಾನೆ. ಯಾರ ಕೈಯಲ್ಲೂ ಕೋಲಾಗದ ನಾಟಕ ಅದು, ಹಿಡಿಯಲು ಹೋದವರ ಕೈಯೇ ಹೊಲಸಾಗುತ್ತದೆ. ಮೆಚ್ಚುತ್ತೇನೆ. ಆದರೆ ಹಾಗೆ ಬರೆಯಲು ಜೆನೆಯಂತೆ ಮನೆ ಮಠ ಓಣಿ ಯಾವುದೂ ಇಲ್ಲದವನಾಗಿರಬೇಕು. ನನಗೆ ಓಣಿ ಇದೆ.

ಕಾತೆಬ್ ಯಾಸೀನನಿಗೂ ಇತ್ತು. ಅವನ ಬಾಲ್ಯದ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿದೆ. ಕುರಾನ್ ಕಲಿಸುವ ಶಾಲೆಯಲ್ಲಿದ್ದ ಮಗನನ್ನು ತಂದೆ ಬಿಡಿಸಿ ಫ್ರೆಂಚ್ ಶಾಲೆಗೆ ಹಾಕಿದ. ತೋಳದ ಬಾಯಿಗೆ ಹಾಕಿದ ಹಾಗೆ ಎಂದು ಕಾತೆಬ್ ಮುಂದೆ ಬರೆದ. ಮಗ ಫ್ರೆಂಚಿನಲ್ಲಿ ಮುಂದೆ ಹೋದಷ್ಟೂ ಮನೆಯಲ್ಲಿ ತಾಯಿಯೊಡನೆ ಆಡುತ್ತಿದ್ದ ಮಾತಿನ ಆಟಗಳು ದೂರವಾದವು. ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿದ್ದ ನನ್ನನ್ನು ಅಬ್ಬಾ ಐದಕ್ಕೆ ಕನ್ನಡ ಶಾಲೆಗೆ ಸೇರಿಸಿದರು. ಕನ್ನಡ ನನಗೆ ತೋಳವಾಗಲಿಲ್ಲ, ಬೀದಿಯಲ್ಲಿ ಆಗಲೇ ಆಡುತ್ತಿದ್ದ ಭಾಷೆ ಅದು, ನನ್ನನ್ನು ಕತೆಗಾರನನ್ನಾಗಿ ಮಾಡಿದ್ದೂ ಅದೇ. ಆದರೂ ಶಾಲೆಯ ಪುಸ್ತಕ ಹಿಡಿದು ಕೂತಾಗ ಅಮ್ಮಿ ಪಕ್ಕದಲ್ಲಿ ಬಂದು ನೋಡಿ, ಏನೂ ಓದಲಾಗದೆ, ಚಿತ್ರಗಳನ್ನಷ್ಟೇ ನೋಡಿ ಎದ್ದು ಹೋಗುತ್ತಿದ್ದುದು ಮರೆತಿಲ್ಲ.

ಕಾತೆಬ್ ಫ್ರೆಂಚನ್ನು ಯುದ್ಧದಲ್ಲಿ ಗೆದ್ದ ಕೊಳ್ಳೆ ಎಂದು ಕರೆಯುತ್ತಿದ್ದ. ಅದರಲ್ಲಿ ದೊಡ್ಡ ಹೆಸರು ಮಾಡಿದ. ಆಮೇಲೆ, 1971ರ ಹೊತ್ತಿಗೆ, ಅದನ್ನು ಬದಿಗಿಟ್ಟು ಅಲ್ಜೀರಿಯಾದ ಆಡುಮಾತಿನ ಅರಬಿಯಲ್ಲಿ ನಾಟಕ ಕಟ್ಟಲು ಶುರುಮಾಡಿದ. ಪುಸ್ತಕದ ಅರಬಿಯಲ್ಲ, ಸಂತೆಯ ಅರಬಿ. ‘ಮೊಹಮ್ಮದ್, ಪೆಟ್ಟಿಗೆ ಎತ್ತಿಕೋ’ ಎಂಬುದು ಮೊದಲ ನಾಟಕ. ಹೊಟ್ಟೆಪಾಡಿಗೆ ಫ್ರಾನ್ಸಿಗೆ ಹೋಗುವವನ ಕತೆ, ಹಾಡು ತಮಾಷೆ ಬೆರೆಸಿದ್ದು. 1972ರಲ್ಲಿ ತಂಡ ಕಟ್ಟಿಕೊಂಡು ಫ್ರಾನ್ಸಿನಲ್ಲೇ ತಿಂಗಳುಗಟ್ಟಲೆ ವಲಸೆ ಕಾರ್ಮಿಕರ ಮುಂದೆ ಆಡಿದ. ಅದರಲ್ಲಿ ಫ್ರೆಂಚ್ ಮಾಲೀಕನಷ್ಟೇ ಅಲ್ಲ, ಅಲ್ಜೀರಿಯಾದ ಹೊಸ ಯಜಮಾನರೂ ಏಟು ತಿನ್ನುತ್ತಾರೆ. ತನ್ನವರ ತಪ್ಪನ್ನು ತನ್ನವರ ಎದುರಿಗೇ, ಅವರ ಬಾಯಿಮಾತಿನಲ್ಲೇ ಹೇಳಿದ. ಅಲ್ಲಿನ ಸರಕಾರಕ್ಕೆ ಇದು ಹಿಡಿಸಲಿಲ್ಲ. 1978ರಲ್ಲಿ ರಾಜಧಾನಿಯಿಂದ ದೂರದ ಸಿದಿ ಬೆಲ್ ಅಬ್ಬೆಸ್ ಎಂಬ ಊರಿನ ರಂಗಮಂದಿರ ನೋಡಿಕೊಳ್ಳಲು ಕಳುಹಿಸಿದರು. 1989ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ತೀರಿಕೊಂಡ.

ಇದನ್ನೆಲ್ಲ ಓದಿ ತಿಳಿದ ಮೇಲೂ ನಾನು ಕನ್ನಡ ಬಿಟ್ಟು ಉರ್ದುವಿಗೆ ಹೋಗಲಿಲ್ಲ, ಹೋಗುವ ಮನಸ್ಸೂ ಇಲ್ಲ. ಒಂದು ಕೆಲಸ ಮಾತ್ರ ಮಾಡಿದೆ, ಅದೂ ತಡವಾಗಿ. ಹೋದ ರಮಜಾನಿನ ಒಂದು ಮಧ್ಯಾಹ್ನ ಖಾಲಾರ ಮನೆಗೆ ಹೋಗಿ, ಆ ಹಳೆಯ ಪತ್ರಿಕೆ ತೆರೆದು, ಕತೆಯನ್ನು ಸಾಲುಸಾಲಾಗಿ ನಮ್ಮ ಮನೆಮಾತಿಗೆ ತಿರುಗಿಸುತ್ತ ಓದಿ ಹೇಳಿದೆ. ಹದಿನೈದು ವರ್ಷದಿಂದ ಅವರ ಬಗ್ಗೆ ಎಲ್ಲರೂ ಓದಿದ್ದರು, ಅವರೊಬ್ಬರನ್ನು ಬಿಟ್ಟು. ಬೇಳೆ ಆರಿಸುತ್ತಲೇ ಕೇಳಿದರು. ನಡುವೆ ಎರಡು ಕಡೆ ತಡೆದರು. ಅಣ್ಣಂದಿರು ಅಂದು ಆಟೋದಲ್ಲಿ ಬಂದಿರಲಿಲ್ಲ, ನಡೆದೇ ಬಂದಿದ್ದರು ಎಂದರು. ಸಹಿಯಾದ ಮೇಲೆ ತಾನೇ ಎದ್ದು ಅವರಿಗೆ ಚಹಾ ಮಾಡಿಕೊಟ್ಟಿದ್ದೆ, ದೊಡ್ಡಣ್ಣನಿಗೆ ಸಕ್ಕರೆ ಹಾಕದೆ, ಅದನ್ನು ಯಾಕೆ ಬಿಟ್ಟೆ ಎಂದರು. ನಾನು ಅದನ್ನು ಬಿಟ್ಟಿರಲಿಲ್ಲ, ಅದು ನನಗೆ ಗೊತ್ತೇ ಇರಲಿಲ್ಲ.

ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಮೊರ ಅಲ್ಲಾಡಿಸಿದರು. ಆಮೇಲೆ, ‘ಇದನ್ನ ಅವರಿಗೂ ಹೀಗೇ ಓದಿ ಹೇಳಿದೆಯಾ ಬೇಟಾ?’ ಎಂದು ಕೇಳಿದರು. ಇಲ್ಲ ಎಂದೆ. ದೊಡ್ಡಣ್ಣ ಈಗ ಹಾಸಿಗೆ ಹಿಡಿದಿದ್ದಾರೆ, ಅಸರ್ ಆದ ಮೇಲೆ ಸ್ವಲ್ಪ ಹೊತ್ತು ಎದ್ದು ಕೂರುತ್ತಾರೆ ಎಂದು ಹೇಳಿ, ಬೇಳೆ ತೊಳೆಯಲು ಒಳಗೆ ಹೋದರು.